ತ್ವಾಳದ ಪಾಲು

ನಮೂನೆ ಮೂರು, ಕಾಲಂ ಏಳು:
ಕಳೆದುಕೊಂಡ ಕುರಿಗಳ ಸಂಖ್ಯೆ.
ಪೆನ್ನು ತೆರೆದು ಕೂತಿದ್ದೆ ಕರೆವ್ವನ ದೊಡ್ಡಿಯ ಮುಂದೆ,
ಗಂಗಾವತಿಯಿಂದ ಬೈಕಿನ ಬೆನ್ನು ಹತ್ತಿ ಬಂದ ಧೂಳು
ಇನ್ನೂ ಹುಬ್ಬಿನ ಮೇಲೇ ಇತ್ತು.

‘ಕಳಕೊಂಡಿಲ್ಲ’ ಅಂದಳು.
‘ಅಮಾಸಿ ದಿನ ಒಂದು ಹೋಯ್ತಂತಲ್ಲ, ಗಾಳೆಪ್ಪ ಹೇಳಿದ.’
‘ಹೋತು ಖರೆ. ಕಳೀಲಿಲ್ಲ.
ತ್ವಾಳ ತನ್ನ ಪಾಲು ಒಯ್ತು.
ಅಣ್ಣತಮ್ಮರು ಹೊಲ ಹಂಚಿಕೊಂಡರ
ಕಳುವಾತು ಅಂತ ಬರೀತಿಯೇನು ನೀ?’

ಪರಿಹಾರ ಬರುತ್ತದೆ, ಸಹಿ ಸಾಕು ಎಂದೆ.
ಆಕೆ ಸಜ್ಜೆ ರೊಟ್ಟಿ ಮುರಿದು
ಎಣ್ಣೆ ಕಲಸಿದ ಗುರೆಳ್ಳು ಚಟ್ನಿ ಹಚ್ಚಿ
ನನ್ನ ಫೈಲಿನ ಮೇಲೇ ಇಟ್ಟಳು.
‘ರೊಕ್ಕ ತಗೊಂಡ ಮ್ಯಾಲೆ ಮಾರಿದಂಗಾತು.
ಮಾರಿದ್ದು ಪಾಲು ಹ್ಯಾಂಗಾದೀತು?’

ಎಣ್ಣೆ ಇಳಿದ ಕಾಗದ ಅಕ್ಷರ ಹಿಡಿಯಲಿಲ್ಲ.

ಹೊತ್ತು ಇಳಿಯುವಾಗ ಗುಡ್ಡ ಹತ್ತಿದೆವು.
ಕೆಳಗೆ ಎಡದಂಡೆ ಕಾಲುವೆ ಹಾಸಿದ ಭತ್ತದ ಹಸಿರು,
ಅಕ್ಕಿ ಗಿರಣಿಯ ಹೊಗೆ,
ಆಚೆ ಅರ್ಧ ಮೈ ತಿಂದುಬಿಟ್ಟ ಕ್ವಾರಿ.
‘ಅದಕ್ಕ ಹೊಟ್ಟಿ ಇಲ್ಲ ನೋಡು’ ಅಂದಳು ಬೆರಳು ಮಾಡಿ,
‘ಹೊಟ್ಟಿ ಇದ್ದದ್ದು ಒಂದ ಕುರಿಗೆ ನಿಲ್ತೈತಿ.’

ದಾರಿಯ ಬಂಡೆಯೊಂದರ ಒಳಮೈಗೆ ಕೆಂಪು ಜಿಂಕೆ,
ಯಾವ ಕಾಲದ ಬೆರಳು ಎಳೆದದ್ದೋ.
ಪಕ್ಕದಲ್ಲೇ ಮೊನ್ನೆ ಯಾರೋ ಬಳಿದ ಅಂಕಿ, ೧೪/೨.
ಎರಡೂ ಕೆಂಪೇ.
ಒಂದು ಮಾತ್ರ ಓಡುತ್ತಿತ್ತು.

ಮೇಲೆ ಮೋರ್ಯರ ಮನೆಗಳು.
ನಿಂತ ಚಪ್ಪಡಿಗಳ ಗೋಡೆ, ಮಲಗಿದ ಚಪ್ಪಡಿಯ ಸೂರು,
ಒಂದು ಗೋಡೆಗೆ ದುಂಡನೆ ಕಿಂಡಿ.
ಯಾರ ಸಾವಿಗೋ ಯಾರೋ ಕಟ್ಟಿದ್ದು,
ಹೆಸರಿಲ್ಲ, ಶಾಸನವಿಲ್ಲ;
ಊರವರು ಗೇಣುದ್ದದ ಜನರ ಕತೆ ಹೇಳಿದರು,
ಇಲಾಖೆಯವರು ನೀಲಿ ಬೋರ್ಡು ನೆಟ್ಟರು.
ಬೋರ್ಡಿನ ಬುಡದಲ್ಲಿ ಒಡೆದ ಬಾಟಲಿ.
ಕರೆವ್ವ ಚೂರು ಆರಿಸಿ ಸೆರಗಿಗೆ ಕಟ್ಟಿಕೊಂಡಳು,
‘ಮರಿ ಕಾಲಿಗೆ ಚುಚ್ಚತೈತಿ.’
ಯಾವ ಮರಿಯೆಂದು ನಾನು ಕೇಳಲಿಲ್ಲ.

ನಗಾರಿ ಗುಂಡಿನ ಹತ್ತಿರ ನಿಂತು
ಹಿಡಿಗಾತ್ರದ ಕಲ್ಲಿನಿಂದ ಮೂರು ಸಲ ಬಡಿದಳು,
ಬಡಿದಲ್ಲೇ ಬಡಿದು ತೆಗ್ಗುಬಿದ್ದ ಜಾಗಕ್ಕೆ.
ಬಂಡೆಯ ಒಡಲಿಂದೆದ್ದ ಸದ್ದು
ಕಾರೆ ಕಂಟಿಗಳ ಮೇಲೆ ಹಾದುಹೋಯಿತು.
‘ಬಂದೀವಿ ಅಂತ ತಿಳಿಸೋದು.
ಮಂದಿ ಮನಿಗೆ ಸುಮ್ಮನ ಹೊಗತಾರೇನು?
ನಮ್ಮತ್ತಿ ಬಡೀತಿದ್ಲು. ಆಕಿ ಅತ್ತಿನೂ.
ಅದರ ಹಿಂದಿನದು ಕಲ್ಲಿಗೇ ಗೊತ್ತು.’

ಕಿಂಡಿಯೊಳಗೆ ಮೊದಲು ಬರೀ ಕತ್ತಲು.
ಆಮೇಲೆ ಕತ್ತಲಿಗೆ ಕಿವಿ ಬಂತು.
ಆಮೇಲೆ ಹಳದಿ.
ಎರಡು, ನಾಲ್ಕು (ಎಣಿಕೆ ನನ್ನ ಕೆಲಸ)
ಐದನೆಯ ಕಣ್ಣು ಒಂಟಿ,
ಅದರ ಜೋಡಿ ಅಣ್ಣನ ಬೆನ್ನ ಮರೆಯಲ್ಲಿ.
‘ಮೂರು’ ಅಂದೆ.
ಆಕೆ ನನ್ನ ಬಾಯಿಗೆ ಬೆರಳು ಅಡ್ಡ ಇಟ್ಟಳು.
ಬೆರಳಿಗೆ ಕುರಿಯ ವಾಸನೆ.

ಹೋದ ವರ್ಷ ಊರ ನಾಯಿಗಳ ಬ್ಯಾನಿ ಹತ್ತಿ
ಐದೂ ಮರಿ ಸತ್ತವಂತೆ.
ಕಂಬಳಿ ಹರಿದು ಸುತ್ತಿ
ಮೋರ್ಯರ ನಡುವೆಯೇ ಮಣ್ಣು ಕೊಟ್ಟಿದ್ದಾಳೆ.
ಈಗ ಆಕೆಯ ಎರಡು ನಾಯಿ ಸೂಜಿ ಹಾಕಿಸಿಕೊಂಡು
ಕೆಳಗೆ ದೊಡ್ಡಿಯ ಗೂಟದಲ್ಲಿ ಮುನಿಸಿಕೊಂಡಿವೆ.

ಸೋಮವಾರ. ಆಫೀಸು.
ಗವಿ ಇರುವ ಸ್ಥಳ: ಸರ್ವೆ ನಂಬರು, ಅಕ್ಷಾಂಶ, ರೇಖಾಂಶ.
ಅಂಕಿಗಳೆಲ್ಲ ಕಿಸೆಯ ಫೋನಿನಲ್ಲಿ ಬೆಚ್ಚಗಿದ್ದವು.
‘ಗುಡ್ಡ’ ಎಂದು ಬರೆದೆ.
‘ಯಾವ ಗುಡ್ಡರೀ?’ ಸಾಹೇಬರು ಕನ್ನಡಕ ಏರಿಸಿದರು.
ಕಿಟಕಿಯ ತುಂಬ ಬಂಡೆ, ಬಂಡೆಯ ಮೇಲೆ ಬಂಡೆ.
‘ಕೊಪ್ಪಳ ಜಿಲ್ಲೆ, ಸರ್.’

ಕಾಲಂ ಏಳರಲ್ಲಿ ಸೊನ್ನೆ.
ಎಣ್ಣೆಯ ಕಲೆ ಬಳಸಿಕೊಂಡು
ಸಹಿ ಹಾಕಿದೆ.